ಗಾಳಿ ಬಂದಾಗ ತೂರಿಕೊಳ್ಳುವವರು: ಬಿರುಮಳೆಯ ನಂತರ ಮನೆ ದುರಸ್ತಿಯ ಮೋಸ

ಬಿರುಗಾಳಿಗೆ ಒಂದು ಮನೆಯ ಮಾಡನ್ನು ಕಿತ್ತೊಗೆಯಲು ಕೆಲವೇ ನಿಮಿಷಗಳು ಸಾಕು. ಅದನ್ನು ಮತ್ತೆ ಹೊದಿಸಲು ಮನೆಯವರಿಗೆ ವಾರಗಳು, ಕೆಲವೊಮ್ಮೆ ತಿಂಗಳುಗಳು ಬೇಕು. ಈ ಎರಡರ ನಡುವಿನ ಅವಧಿಯಲ್ಲಿ, ಆಕಾಶ ಇನ್ನೂ ಕಪ್ಪಾಗಿರುವಾಗಲೇ, ಏಣಿ ಹೇರಿಕೊಂಡ ವಾಹನವೊಂದು ಬಡಾವಣೆಯ ರಸ್ತೆಗಳಲ್ಲಿ ನಿಧಾನವಾಗಿ ಸುತ್ತತೊಡಗುತ್ತದೆ. ಅದರಲ್ಲಿ ಬಂದವನು ನಿಜವಾದ ಕೆಲಸಗಾರನೂ ಆಗಿರಬಹುದು, ಮುಂಗಡ ಪಡೆದು ಮಾಯವಾಗುವವನೂ ಆಗಿರಬಹುದು. ಸೋರುವ ಮನೆಯೊಳಗೆ ಬಕೆಟ್ ಇಟ್ಟು ನಿಂತ ಗೃಹಸ್ಥನಿಗೆ ಇವರಿಬ್ಬರನ್ನು ಬೇರ್ಪಡಿಸಿ ನೋಡುವ ವ್ಯವಧಾನ ಇರುವುದಿಲ್ಲ. ಮೋಸಗಾರನ ಬಂಡವಾಳ ಇರುವುದೇ ಅಲ್ಲಿ.

ಕರ್ನಾಟಕಕ್ಕೆ ಈ ಪರಿಸ್ಥಿತಿ ಅಪರಿಚಿತವಲ್ಲ. 2018ರ ಆಗಸ್ಟ್‌ನಲ್ಲಿ ಕೊಡಗು ನಲುಗಿತು. 2019ರ ಆಗಸ್ಟ್‌ನ ಪ್ರವಾಹದಲ್ಲಿ ಉತ್ತರ ಕರ್ನಾಟಕವೂ ಸೇರಿದಂತೆ ರಾಜ್ಯದಲ್ಲಿ 2 ಲಕ್ಷಕ್ಕೂ ಹೆಚ್ಚು ಮನೆಗಳಿಗೆ ಹಾನಿಯಾಯಿತು. 2021ರ ಮೇ ತಿಂಗಳಲ್ಲಿ ಗುಜರಾತಿನತ್ತ ಸಾಗುತ್ತಿದ್ದ ತೌಕ್ತೆ ಚಂಡಮಾರುತ ಕರಾವಳಿಯ ಮೂರೂ ಜಿಲ್ಲೆಗಳಿಗೆ ಪೆಟ್ಟು ಕೊಟ್ಟಿತು. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಪೂರ್ವ ಭಾಗದ ಬಡಾವಣೆಗಳಲ್ಲಿ ಜನರನ್ನು ದೋಣಿ, ಟ್ರ್ಯಾಕ್ಟರುಗಳಲ್ಲಿ ಸಾಗಿಸಬೇಕಾಯಿತು. 2024ರ ಜೂನ್ 2ರಂದು ಅದೇ ನಗರದಲ್ಲಿ ಒಂದೇ ದಿನ 111 ಮಿಲಿಮೀಟರ್ ಮಳೆ ಸುರಿದು, ಜೂನ್ ತಿಂಗಳ ದಿನವೊಂದರ ಮಳೆಗೆ 1891ರಿಂದ ಇದ್ದ ದಾಖಲೆ ಮುರಿಯಿತು. ಪ್ರತಿ ಸಲವೂ ಸುದ್ದಿಯ ಬೆಳಕು ನೀರು ಇಳಿಯುವವರೆಗೆ ಮಾತ್ರ ಇರುತ್ತದೆ. ನೀರು ಇಳಿದ ಮೇಲೆ ಆರಂಭವಾಗುವ ದುರಸ್ತಿಯ ಕಥೆ ಮನೆಯ ನಾಲ್ಕು ಗೋಡೆಗಳ ನಡುವೆಯೇ ಮುಗಿದುಹೋಗುತ್ತದೆ.

ಮೋಸದ ಹಲವು ಮುಖಗಳು

ದುರಸ್ತಿಯ ಮೋಸಕ್ಕೆ ಒಂದೇ ರೂಪವಿಲ್ಲ. ತೀರಾ ಒರಟಾದ ರೂಪವೆಂದರೆ ಮುಂಗಡದ ಮೋಸ. "ಪಕ್ಕದ ಬೀದಿಯಲ್ಲಿ ಕೆಲಸ ನಡೆಯುತ್ತಿದೆ, ಸಾಮಗ್ರಿ ಉಳಿದಿದೆ, ಇವತ್ತೇ ಒಪ್ಪಿದರೆ ಕಡಿಮೆಗೆ ಮಾಡಿಕೊಡುತ್ತೇವೆ" ಎಂಬ ಮಾತಿನಿಂದ ಅದು ಆರಂಭವಾಗುತ್ತದೆ. ಸಿಮೆಂಟು, ಶೀಟು ತರಲು ಅರ್ಧ ಹಣ ಬೇಕೆಂಬ ಬೇಡಿಕೆ ಅದರ ಬೆನ್ನಿಗೇ ಬರುತ್ತದೆ. ನಂಬಿಕೆ ಹುಟ್ಟಿಸಲು ಮೊದಲ ದಿನ ಇಬ್ಬರು ಕೂಲಿಯಾಳುಗಳು ಬಂದು ತಾರಸಿಯ ಒಂದು ಮೂಲೆಯನ್ನು ಕೆರೆದು ಹೋಗುತ್ತಾರೆ. ಎರಡನೆಯ ದಿನ ದೂರವಾಣಿ ಸ್ವಿಚ್ ಆಫ್ ಆಗಿರುತ್ತದೆ.

ಎರಡನೆಯ ರೂಪ ಇದಕ್ಕಿಂತ ನಯವಾದದ್ದು. ಉಚಿತ ತಪಾಸಣೆಯ ನೆಪದಲ್ಲಿ ಮಾಡು ಹತ್ತಿದವನು ಕೆಳಗೆ ನಿಂತವರಿಗೆ ಕಾಣದ ಹಾನಿಯ ದೊಡ್ಡ ಪಟ್ಟಿಯನ್ನೇ ಇಳಿಸುತ್ತಾನೆ. ಕರಾವಳಿ, ಮಲೆನಾಡಿನ ಹೆಂಚಿನ ಮನೆಯಲ್ಲಿ ಒಡೆದದ್ದು ನೂರಿನ್ನೂರು ಹೆಂಚು, ಮುರಿದದ್ದು ನಾಲ್ಕಾರು ರೀಪು ಇರಬಹುದು. ಆದರೆ "ಪಕ್ಕಾಸೆಲ್ಲ ಗೆದ್ದಲು ತಿಂದಿದೆ, ಪೂರ್ತಿ ಇಳಿಸಿ ಶೀಟು ಹಾಕಬೇಕು" ಎಂಬ ತೀರ್ಪು ಬರುತ್ತದೆ. ಇಳಿಸಿದ ಹಳೆಯ ಮರಮುಟ್ಟು ಮತ್ತು ಗಟ್ಟಿ ಹೆಂಚುಗಳು ಕಸವೆಂಬ ಹೆಸರಿನಲ್ಲಿ ಲಾರಿ ಏರುತ್ತವೆ. ಆ 'ಕಸ'ಕ್ಕೆ ಹಳೆಯ ಸಾಮಾನಿನ ಮಾರುಕಟ್ಟೆಯಲ್ಲಿ ಒಳ್ಳೆಯ ಬೆಲೆ ಇದೆ ಎಂಬುದು ಮನೆಯವರಿಗೆ ಹೊಳೆಯುವಷ್ಟರಲ್ಲಿ ಕಾಲ ಮಿಂಚಿರುತ್ತದೆ.

ಮೂರನೆಯದು ಅಳತೆಯ ಆಟ. ಚದರ ಅಡಿಯ ಲೆಕ್ಕದಲ್ಲಿ ಕಡಿಮೆ ದರ ಹೇಳಿ, ಕೆಲಸ ಮುಗಿದ ಮೇಲೆ ಅಡ್ಡಗೋಡೆ, ಅಂಚು, ಮೂಲೆಗಳನ್ನೆಲ್ಲ ಸೇರಿಸಿ ವಿಸ್ತೀರ್ಣವನ್ನು ಹಿಗ್ಗಿಸುವುದು ಇದರ ಬಗೆ. ಚದರ ಅಡಿಗೆ 60 ರೂಪಾಯಿ ಎಂದಿಟ್ಟುಕೊಂಡರೂ 200 ಚದರ ಅಡಿ ಹಿಗ್ಗಿದರೆ 12 ಸಾವಿರ ರೂಪಾಯಿ ಹೆಚ್ಚುವರಿಯಾಗುತ್ತದೆ. ಮಾಡನ್ನು ಅರ್ಧ ಬಿಚ್ಚಿಟ್ಟು, "ಒಳಗೆ ನೋಡಿದರೆ ಕೆಲಸ ಇನ್ನೂ ಇದೆ" ಎಂದು ಮೊತ್ತ ಏರಿಸುವುದೂ ಇದೇ ಜಾತಿಗೆ ಸೇರಿದ್ದು. ತಲೆಯ ಮೇಲೆ ಆಕಾಶ ಕಾಣುತ್ತಿರುವಾಗ ಬೇಡವೆನ್ನುವ ಧೈರ್ಯ ಯಾರಿಗೂ ಇರುವುದಿಲ್ಲ.

ನಾಲ್ಕನೆಯದು ಸಾಮಗ್ರಿಯಲ್ಲಿನ ವಂಚನೆ. 0.50 ಮಿಲಿಮೀಟರ್ ದಪ್ಪದ ಶೀಟಿಗೂ 0.35 ಮಿಲಿಮೀಟರ್ ದಪ್ಪದ ಶೀಟಿಗೂ ಕೆಳಗೆ ನಿಂತು ನೋಡುವವರ ಕಣ್ಣಿಗೆ ವ್ಯತ್ಯಾಸ ಕಾಣದು. ಲೋಹ ಮಾತ್ರ ಶೇಕಡಾ 30ರಷ್ಟು ಕಡಿಮೆ ಇರುತ್ತದೆ. ಮುಂದಿನ ಗಾಳಿಗೆ ಮೊದಲು ಹಾರುವುದು ಆ ತೆಳು ಶೀಟೇ.

ಇವೆಲ್ಲಕ್ಕಿಂತ ಸಾಮಾನ್ಯವಾದ, ಆದರೆ ಮೋಸವೆಂದು ಕೊನೆಯವರೆಗೂ ಗೊತ್ತಾಗದ ಇನ್ನೊಂದು ಬಗೆಯಿದೆ. ಅದು ಒದ್ದೆ ತಾರಸಿಯ ಮೇಲೆ ಬಳಿಯುವ ವಾಟರ್‌ಪ್ರೂಫಿಂಗ್ ಲೇಪನ. ಇಂತಹ ಲೇಪನಗಳಲ್ಲಿ ಹೆಚ್ಚಿನವು ಒಣಗಿದ, ಧೂಳು ಪಾಚಿಗಳಿಲ್ಲದ ಮೇಲ್ಮೈಗೆ ಮಾತ್ರ ಗಟ್ಟಿಯಾಗಿ ಅಂಟಿಕೊಳ್ಳುತ್ತವೆ. ಕಾಂಕ್ರೀಟಿನೊಳಗೆ ತೇವ ಉಳಿದಿದ್ದರೆ ಬಿಸಿಲು ಬಿದ್ದಾಗ ಅದು ಆವಿಯಾಗಿ ಲೇಪನವನ್ನು ಕೆಳಗಿನಿಂದ ಎತ್ತುತ್ತದೆ. ಗುಳ್ಳೆಗಳೆದ್ದು, ಬಿರಿದು, ಹಾಳೆಯಂತೆ ಸುಲಿದುಬರುತ್ತದೆ. ಮಳೆ ನಿಂತ ಮರುದಿನವೇ ಬಳಿದು, ಹತ್ತು ವರ್ಷದ ಗ್ಯಾರಂಟಿ ಕಾರ್ಡು ಕೊಟ್ಟು ಹೋದವನಿಗೆ ಇದು ತಿಳಿಯದ ವಿಷಯವಲ್ಲ. ಗ್ಯಾರಂಟಿ ಕೊಟ್ಟವನ ವಿಳಾಸವೇ ಒಂದು ವರ್ಷ ಬಾಳದಿದ್ದರೆ ಹತ್ತು ವರ್ಷದ ಭರವಸೆಗೆ ಅರ್ಥವೇನು?

ಮೂರ್ಖರಲ್ಲ, ಅವಸರದಲ್ಲಿದ್ದವರು

ಇಂತಹ ಸುದ್ದಿ ಕಿವಿಗೆ ಬಿದ್ದಾಗ "ಓದಿದವರೂ ಹೀಗೆ ಮೋಸ ಹೋಗುತ್ತಾರೆಯೇ" ಎಂಬ ಉದ್ಗಾರ ಸಹಜ. ಆದರೆ ಮೋಸ ಹೋಗುವುದಕ್ಕೂ ಓದಿಗೂ ಸಂಬಂಧ ಕಡಿಮೆ. ಸಾಮಾನ್ಯ ದಿನಗಳಲ್ಲಿ ಒಂದು ಫ್ರಿಜ್ ಕೊಳ್ಳಲು ನಾಲ್ಕು ಅಂಗಡಿ ತಿರುಗುವ ಕುಟುಂಬ, ಬಿರುಮಳೆಯ ಮರುದಿನ ಲಕ್ಷ ರೂಪಾಯಿಯ ಕೆಲಸವನ್ನು ಬಾಗಿಲಲ್ಲಿ ನಿಂತವನಿಗೆ ಹತ್ತು ನಿಮಿಷದಲ್ಲಿ ಒಪ್ಪಿಸುತ್ತದೆ. ಇದಕ್ಕೆ ಕಾರಣಗಳಿಲ್ಲದಿಲ್ಲ. ಒಂದೇ ದಿನ ಊರಿನ ನೂರಾರು ಮನೆಗಳಿಗೆ ಮೇಸ್ತ್ರಿ ಬೇಕಾಗುತ್ತಾನೆ, ಪರಿಚಯದ ಮೇಸ್ತ್ರಿಗೆ ಬಿಡುವಿರುವುದಿಲ್ಲ. ಹವಾಮಾನ ಇಲಾಖೆ ಇನ್ನೆರಡು ದಿನ ಮಳೆಯ ಮುನ್ಸೂಚನೆ ಕೊಟ್ಟಿರುತ್ತದೆ. ಮನೆಯಲ್ಲಿ ಮಕ್ಕಳು, ವೃದ್ಧರು ಇರುತ್ತಾರೆ. ನೆರೆಯವರು ಒಪ್ಪಿಕೊಂಡರೆಂದರೆ ಅದೇ ಒಂದು ಪ್ರಮಾಣಪತ್ರವಾಗಿಬಿಡುತ್ತದೆ.

ಹಾಗೆಂದು ದುರಸ್ತಿಗೆ ಬರುವವರೆಲ್ಲ ವಂಚಕರೆಂದು ಬಗೆಯುವುದು ಇನ್ನೊಂದು ಅನ್ಯಾಯ. ರಾಯಚೂರು, ಕಲಬುರಗಿ, ಯಾದಗಿರಿಗಳಿಂದ, ಬಿಹಾರ, ಬಂಗಾಳಗಳಿಂದ ನಗರಗಳಿಗೆ ಬಂದು ಗಾರೆ ಕೆಲಸ ಮಾಡುವವರಲ್ಲಿ ಬಹುತೇಕರು ದಿನದ ದುಡಿಮೆಯನ್ನೇ ನಂಬಿದವರು. ಗುತ್ತಿಗೆದಾರ ಓಡಿಹೋದಾಗ ಅವರ ಕೂಲಿಯೂ ಮುಳುಗುತ್ತದೆ. ಸಣ್ಣ ಮೇಸ್ತ್ರಿ ಮುಂಗಡ ಕೇಳುವುದರಲ್ಲೂ ತಪ್ಪಿಲ್ಲ. ಸಾಮಗ್ರಿಗೆ ತನ್ನ ಕೈಯಿಂದ ಹಣ ಹಾಕುವ ಶಕ್ತಿ ಅವನಿಗಿರುವುದಿಲ್ಲ. ಆದ್ದರಿಂದ ಸಮಸ್ಯೆಯ ಬೇರು ಮುಂಗಡದಲ್ಲಾಗಲಿ, ಹೊರಗಿನಿಂದ ಬಂದವರಲ್ಲಾಗಲಿ ಇಲ್ಲ. ಇಂದೇ ತೀರ್ಮಾನಿಸಬೇಕೆಂಬ ಒತ್ತಡದಲ್ಲಿದೆ.

ಅಮೆರಿಕದ ಅನುಭವ

ಈ ಬಗೆಯ ವಂಚನೆಯೊಂದಿಗೆ ದೀರ್ಘಕಾಲದಿಂದ ಗುದ್ದಾಡುತ್ತಿರುವ ಅಮೆರಿಕದ ಅನುಭವ ಇಲ್ಲಿ ಗಮನಾರ್ಹ. ಚಂಡಮಾರುತ ಎಲ್ಲಿಗೆ ಅಪ್ಪಳಿಸುತ್ತದೋ ಅಲ್ಲಿಗೆ ಬೇರೆ ರಾಜ್ಯಗಳಿಂದ ಧಾವಿಸುವ ಗುತ್ತಿಗೆದಾರರಿಗೆ ಆ ದೇಶದಲ್ಲಿ 'ಬಿರುಗಾಳಿಯ ಬೆನ್ನು ಹತ್ತುವವರು' ಎಂಬ ಅರ್ಥದ ಹೆಸರೇ ಇದೆ. 2005ರ ಕತ್ರಿನಾ ಚಂಡಮಾರುತದ ನಂತರ ಪರಿಹಾರ ಮತ್ತು ದುರಸ್ತಿಯ ಹಣದಲ್ಲಿ ನಡೆದ ವಂಚನೆಗಳ ತನಿಖೆಗೆ ಅಲ್ಲಿನ ನ್ಯಾಯ ಇಲಾಖೆ ಪ್ರತ್ಯೇಕ ಕಾರ್ಯಪಡೆಯನ್ನು ರಚಿಸಿತು. ಅದು ಮುಂದೆ ಎಲ್ಲ ವಿಕೋಪಗಳಿಗೂ ಅನ್ವಯವಾಗುವ ರಾಷ್ಟ್ರೀಯ ಕೇಂದ್ರವಾಗಿ ಬೆಳೆಯಿತು.

ಟೆಕ್ಸಸ್ ರಾಜ್ಯ 2011ರಲ್ಲಿ ಜಾರಿಗೆ ತಂದ ನಿಯಮ ಸರಳವಾದದ್ದು. ಹಾನಿಗೊಳಗಾದ ಕೌಂಟಿಯಲ್ಲಿ ಅಥವಾ ಅದರ ನೆರೆಯಲ್ಲಿ ಕನಿಷ್ಠ ಒಂದು ವರ್ಷದಿಂದ ಕಚೇರಿ ಹೊಂದಿರದ ಗುತ್ತಿಗೆದಾರ, ವಿಕೋಪದ ನಂತರದ ದುರಸ್ತಿಗೆ ಕೆಲಸ ಆರಂಭಿಸುವ ಮೊದಲು ಹಣ ಪಡೆಯುವಂತಿಲ್ಲ. ಆರಂಭಿಸಿದ ಮೇಲೂ ಮುಗಿದ ಕೆಲಸಕ್ಕೆ ಅನುಗುಣವಾಗಿ ಮಾತ್ರ ಕೇಳಬಹುದು. ಕ್ಯಾಲಿಫೋರ್ನಿಯಾದಲ್ಲಿ ಮನೆ ದುರಸ್ತಿಯ ಮುಂಗಡ ಒಟ್ಟು ಮೊತ್ತದ ಶೇಕಡಾ 10 ಅಥವಾ 1000 ಡಾಲರ್, ಇವೆರಡರಲ್ಲಿ ಯಾವುದು ಕಡಿಮೆಯೋ ಅದನ್ನು ಮೀರುವಂತಿಲ್ಲ. ಫ್ಲಾರಿಡಾದಲ್ಲಿ ವಿಮೆಯ ಹಕ್ಕನ್ನೇ ಗುತ್ತಿಗೆದಾರನ ಹೆಸರಿಗೆ ಬರೆಸಿಕೊಳ್ಳುವ ಪದ್ಧತಿ ವಿಪರೀತಕ್ಕೆ ಹೋದಾಗ, 2022ರ ಡಿಸೆಂಬರ್‌ನಲ್ಲಿ ಶಾಸನಸಭೆ ಹೊಸ ವಿಮಾ ಪಾಲಿಸಿಗಳ ಮಟ್ಟಿಗೆ ಅದಕ್ಕೆ ತೆರೆ ಎಳೆಯಿತು.

ಅಮೆರಿಕದ ಇನ್ನೊಂದು ನಿಯಮ ಹೆಚ್ಚು ಅರ್ಥಗರ್ಭಿತ. ಮನೆ ಬಾಗಿಲಿನಲ್ಲಿ ಮಾಡಿಕೊಂಡ ಕರಾರನ್ನು ಮೂರು ಕೆಲಸದ ದಿನಗಳೊಳಗೆ ರದ್ದುಪಡಿಸುವ ಹಕ್ಕು ಅಲ್ಲಿನ ಗ್ರಾಹಕನಿಗಿದೆ. ಆದರೆ ತುರ್ತು ಪರಿಸ್ಥಿತಿಯನ್ನು ನಿಭಾಯಿಸಲು ಗ್ರಾಹಕ ತಾನೇ ಲಿಖಿತವಾಗಿ ಈ ಹಕ್ಕನ್ನು ಬಿಟ್ಟುಕೊಟ್ಟರೆ ಅದು ಅನ್ವಯಿಸದು. ಅಂದರೆ ಎಷ್ಟೇ ಬಿಗಿಯಾದ ಕಾನೂನಿನಲ್ಲೂ ತುರ್ತು ಎಂಬುದು ಒಂದು ತೆರೆದ ಕಿಟಕಿಯಾಗಿಯೇ ಉಳಿದಿದೆ. ಆ ಕಿಟಕಿಯನ್ನು ಮುಚ್ಚಬೇಕಾದವನು ಮನೆಯ ಯಜಮಾನನೇ.

ಇಲ್ಲಿ ಕಾನೂನು ಎಲ್ಲಿದೆ?

ಕರ್ನಾಟಕದಲ್ಲಿ ಪರಿಸ್ಥಿತಿ ಇನ್ನಷ್ಟು ಸಡಿಲ. ಖಾಸಗಿ ಮನೆಗಳ ದುರಸ್ತಿ ಗುತ್ತಿಗೆದಾರನಾಗಲು ಇಂತಹ ಅರ್ಹತೆ ಬೇಕು, ಇಂತಹ ಪರವಾನಗಿ ಬೇಕು ಎಂದು ಕಡ್ಡಾಯಗೊಳಿಸುವ ಪ್ರತ್ಯೇಕ ಕಾನೂನು ರಾಜ್ಯದಲ್ಲಿ ಇಲ್ಲ. ಲೋಕೋಪಯೋಗಿ ಇಲಾಖೆಯ 'ಕ್ಲಾಸ್ ಒನ್' ಮೊದಲಾದ ದರ್ಜೆಗಳು ಸರ್ಕಾರಿ ಕಾಮಗಾರಿಗಳಿಗೆ ಸಂಬಂಧಿಸಿದವು. ಭೇಟಿ ಚೀಟಿಯ ಮೇಲೆ ಮುದ್ರಿಸಿದ ಜಿಎಸ್‌ಟಿ ಸಂಖ್ಯೆ ತೆರಿಗೆಯ ನೋಂದಣಿಯನ್ನು ಹೇಳುತ್ತದೆಯೇ ಹೊರತು ಕೆಲಸದ ಗುಣಮಟ್ಟವನ್ನಲ್ಲ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಗುರುತಿನ ಚೀಟಿಯೂ ಕಾರ್ಮಿಕನ ಸೌಲಭ್ಯಕ್ಕಾಗಿ ಇರುವುದು. ಫ್ಲ್ಯಾಟು, ನಿವೇಶನ ಕೊಳ್ಳುವವರ ರಕ್ಷಣೆಗೆ ಬಂದ ರೇರಾ ಕಾಯ್ದೆ ಸ್ವಂತ ಮನೆಯ ದುರಸ್ತಿಗೆ ಅನ್ವಯಿಸುವುದಿಲ್ಲ. ವಿದ್ಯುತ್ ಕೆಲಸ ಮಾತ್ರ ಇದಕ್ಕೆ ಹೊರತು. ಅದಕ್ಕೆ ವಿದ್ಯುತ್ ಪರಿವೀಕ್ಷಣಾಲಯದ ಪರವಾನಗಿ ಪಡೆದ ಗುತ್ತಿಗೆದಾರರೇ ಬೇಕು. ನೀರು ನುಗ್ಗಿದ ಮನೆಯಲ್ಲಿ ಮೊದಲು ಕೇಳಬೇಕಾದ ಪರವಾನಗಿಯೂ ಅದೇ.

ಹೀಗೆ ಮುಂಚಿತವಾಗಿ ತಡೆಯುವ ಕಾನೂನು ಇಲ್ಲದಿರುವಾಗ ಉಳಿಯುವುದು ನಂತರದ ದೂರು ಮಾತ್ರ. ಆ ದೂರಿಗೆ ಬಲ ಬರುವುದು ಮುಂಚಿತವಾಗಿ ಮಾಡಿಟ್ಟ ಕಾಗದಪತ್ರಗಳಿಂದ.

ಮೊದಲು ಟಾರ್ಪಾಲು, ಆಮೇಲೆ ಕರಾರು

ಅವಸರವೇ ಮೋಸದ ಮೂಲವಾಗಿರುವುದರಿಂದ ಅವಸರವನ್ನು ಕೊಂಡುಕೊಳ್ಳುವ ಅಗ್ಗದ ಉಪಾಯವೊಂದಿದೆ. ಅದು ತಾತ್ಕಾಲಿಕ ರಕ್ಷಣೆಯನ್ನು ಶಾಶ್ವತ ದುರಸ್ತಿಯಿಂದ ಬೇರ್ಪಡಿಸುವುದು. ಒಡೆದ ಮಾಡಿನ ಮೇಲೆ ದಪ್ಪ ಟಾರ್ಪಾಲು ಹೊದಿಸಿ, ಮರಳು ಚೀಲ ಹೇರಿ, ಹಗ್ಗದಿಂದ ಬಿಗಿಯುವುದು ಒಂದು ದಿನದ ಕೂಲಿ ಕೆಲಸ. ತಾರಸಿಯ ನೀರು ಹೋಗುವ ಕೊಳವೆಯ ಬಾಯಲ್ಲಿ ಸಿಕ್ಕಿದ ಎಲೆ, ಕಸ ತೆಗೆದರೆ ಅನೇಕ ಮನೆಗಳ ಸೋರಿಕೆ ಅರ್ಧಕ್ಕರ್ಧ ತಗ್ಗುತ್ತದೆ. ಈ ಕೆಲವು ಸಾವಿರ ರೂಪಾಯಿಗಳ ವೆಚ್ಚ ಮನೆಯವರಿಗೆ ಹತ್ತು ಹದಿನೈದು ದಿನಗಳ ವ್ಯವಧಾನವನ್ನು ತಂದುಕೊಡುತ್ತದೆ. "ಇವತ್ತೇ ಒಪ್ಪಿ" ಎನ್ನುವವನ ಮಾತಿಗೆ ಆಮೇಲೆ ಬೆಲೆಯಿರುವುದಿಲ್ಲ.

ಇದಕ್ಕೂ ಮೊದಲು ಆಗಬೇಕಾದದ್ದು ಸುರಕ್ಷತೆ. ಗೋಡೆ ನೆನೆದಿದ್ದರೆ ಮುಖ್ಯ ಸ್ವಿಚ್ ಆರಿಸಬೇಕು. ತಂತಿ ಬಿದ್ದಿದ್ದರೆ ವಿದ್ಯುತ್ ಸರಬರಾಜು ಕಂಪೆನಿಯ 1912 ಸಂಖ್ಯೆಗೆ ತಿಳಿಸಿ, ಅವರು ಬರುವವರೆಗೆ ದೂರವಿರಬೇಕು. ನಂತರ ಹಾನಿಯ ಛಾಯಾಚಿತ್ರ. ಒಳಗಿನಿಂದ, ಹೊರಗಿನಿಂದ, ದೂರದಿಂದ, ಹತ್ತಿರದಿಂದ ತೆಗೆದ ಚಿತ್ರಗಳು ಮುಂದೆ ವಿಮೆ, ಸರ್ಕಾರಿ ಪರಿಹಾರ, ಗ್ರಾಹಕ ಆಯೋಗ ಈ ಮೂರೂ ಕಡೆ ಸಾಕ್ಷಿಯಾಗುತ್ತವೆ. ಯಾರೋ ಮಾಡು ಹತ್ತಿ ಇಳಿದ ಮೇಲೆ ಹಾನಿ ಹೆಚ್ಚಿದೆಯೇ ಎಂಬುದನ್ನು ತಿಳಿಯಲೂ ಆ ಚಿತ್ರಗಳೇ ಆಧಾರ.

ವಿಮೆ ಇದ್ದವರು ಹಾನಿಯಾದ ಕೂಡಲೇ ಕಂಪೆನಿಗೆ ತಿಳಿಸಬೇಕು. ಸರ್ವೇಯರ್ ಬಂದು ನೋಡುವ ಮೊದಲು ಶಾಶ್ವತ ದುರಸ್ತಿಗೆ ಕೈ ಹಾಕಿದರೆ ಹಾನಿಯ ಪ್ರಮಾಣವನ್ನು ಸಾಬೀತುಪಡಿಸುವುದು ಕಷ್ಟ. 2021ರ ಏಪ್ರಿಲ್ 1ರಿಂದ ಜಾರಿಗೆ ಬಂದ 'ಭಾರತ್ ಗೃಹ ರಕ್ಷಾ' ಪಾಲಿಸಿಯಲ್ಲಿ ಬಿರುಗಾಳಿ, ಚಂಡಮಾರುತ, ಪ್ರವಾಹಗಳ ಹಾನಿಗೆ ರಕ್ಷಣೆ ಇದೆ. ಹಳೆಯ ಕಟ್ಟಡದ ಸವಕಳಿಗೆ ಇಲ್ಲ. "ಹಳೆಯ ಸೋರಿಕೆಯನ್ನೂ ಮಳೆಯ ಲೆಕ್ಕಕ್ಕೆ ಸೇರಿಸಿ ಬಿಲ್ ಮಾಡಿಕೊಡುತ್ತೇನೆ" ಎನ್ನುವ ಗುತ್ತಿಗೆದಾರ ಉಪಕಾರಿಯಂತೆ ಕಾಣಬಹುದು. ಸುಳ್ಳು ಕ್ಲೇಮಿಗೆ ಸಹಿ ಮಾಡಿದವನು ಮಾತ್ರ ಮನೆಯ ಯಜಮಾನನಾಗಿರುತ್ತಾನೆ. ಅಂತಹ ಒಂದು ಸುಳ್ಳಿನಿಂದ ನ್ಯಾಯವಾಗಿ ಬರಬೇಕಾದ ಹಣವೂ ಕೈತಪ್ಪಬಹುದು.

ಸರ್ಕಾರಿ ಪರಿಹಾರದ ಹೆಸರಿನಲ್ಲಿ ನಡೆಯುವ ಆಟವೂ ಇದಕ್ಕೆ ಹೊರತಲ್ಲ. ವಿಪತ್ತು ಪರಿಹಾರ ನಿಧಿಯಡಿ 2022-23ರಿಂದ 2025-26ರ ಅವಧಿಗೆ ನಿಗದಿಯಾದ ದರದಂತೆ, ಸಂಪೂರ್ಣ ಹಾನಿಯಾದ ಮನೆಗೆ ಬಯಲು ಪ್ರದೇಶದಲ್ಲಿ 1.20 ಲಕ್ಷ ರೂಪಾಯಿ, ಕನಿಷ್ಠ ಶೇಕಡಾ 15ರಷ್ಟು ಹಾನಿಯಾದ ಪಕ್ಕಾ ಮನೆಗೆ 6,500 ರೂಪಾಯಿ, ಕಚ್ಚಾ ಮನೆಗೆ 4,000 ರೂಪಾಯಿ. ಭಾಗಶಃ ಹಾನಿಗೆ ಲಕ್ಷಗಟ್ಟಲೆ ಪರಿಹಾರ ಕೊಡಿಸುತ್ತೇನೆ, ಅದರಲ್ಲೇ ದುರಸ್ತಿ ಮಾಡಿಕೊಡುತ್ತೇನೆ ಎನ್ನುವ ಮಧ್ಯವರ್ತಿಯ ಮಾತನ್ನು ಈ ಅಂಕಿಗಳ ಪಕ್ಕದಲ್ಲಿಟ್ಟು ನೋಡಿದರೆ ಸಾಕು. ಕಂದಾಯ ಇಲಾಖೆಯ ಸಮೀಕ್ಷೆಗೆ ಮಧ್ಯವರ್ತಿ ಬೇಕಿಲ್ಲ. ಖಾಲಿ ಅರ್ಜಿಗೆ ಸಹಿ ಹಾಕುವುದು, ಆಧಾರ್ ಒಟಿಪಿ ಹೇಳುವುದು ಎರಡೂ ಅಪಾಯಕಾರಿ.

ಸರ್ಕಾರವೇ ಹಾಕಿಕೊಟ್ಟ ಮೇಲ್ಪಂಕ್ತಿ

2019ರ ಪ್ರವಾಹದ ನಂತರ ಪೂರ್ಣ ಹಾನಿಗೊಳಗಾದ ಮನೆಗಳ ಪುನರ್ನಿರ್ಮಾಣಕ್ಕೆ ರಾಜ್ಯ ಸರ್ಕಾರ 5 ಲಕ್ಷ ರೂಪಾಯಿ ಘೋಷಿಸಿತು. ಆದರೆ ಆ ಹಣವನ್ನು ಒಂದೇ ಗಂಟಾಗಿ ಕೊಡಲಿಲ್ಲ. ರಾಜೀವ್ ಗಾಂಧಿ ವಸತಿ ನಿಗಮದ ಮೂಲಕ, ಕಟ್ಟಡದ ಪ್ರತಿ ಹಂತದ ಛಾಯಾಚಿತ್ರವನ್ನು ಜಿಪಿಎಸ್ ಗುರುತಿನೊಂದಿಗೆ ದಾಖಲಿಸಿಕೊಂಡು ಕಂತು ಕಂತಾಗಿ ಬಿಡುಗಡೆ ಮಾಡಿತು. ಆ ವ್ಯವಸ್ಥೆಯಲ್ಲಿ ವಿಳಂಬದ ದೂರುಗಳು ಸಾಕಷ್ಟಿದ್ದವು. ಆದರೂ ಕೆಲಸ ಮುಗಿದಷ್ಟೇ ಹಣ ಎಂಬ ಅದರ ತತ್ವ ಖಾಸಗಿ ದುರಸ್ತಿಗೂ ಹೊಂದುತ್ತದೆ.

ಉದಾಹರಣೆಗೆ 1,20,000 ರೂಪಾಯಿಯ ತಾರಸಿ ದುರಸ್ತಿಯನ್ನು ತೆಗೆದುಕೊಳ್ಳಬಹುದು. ಕೆಲಸ ಆರಂಭವಾದ ದಿನ 12,000, ಹಳೆಯ ಗಾರೆ ಕೆತ್ತಿ ಬಿರುಕು ತುಂಬಿದ ಮೇಲೆ 36,000, ಲೇಪನ ಮುಗಿದ ಮೇಲೆ 36,000, ನೀರು ನಿಲ್ಲಿಸಿ ಪರೀಕ್ಷಿಸಿದ ಮೇಲೆ 24,000, ಮುಂದಿನ ದೊಡ್ಡ ಮಳೆ ಕಳೆದ ಮೇಲೆ ಉಳಿದ 12,000. ಯಾವ ಹಂತದಲ್ಲೂ ಮಾಡಿದ ಕೆಲಸಕ್ಕಿಂತ ಕೊಟ್ಟ ಹಣ ಬಹಳ ಮುಂದೆ ಹೋಗಿರುವುದಿಲ್ಲ. ಸಾಮಗ್ರಿಗೆ ಹಣ ಬೇಕೆಂಬ ಮೇಸ್ತ್ರಿಯ ನ್ಯಾಯವಾದ ಕೋರಿಕೆಗೂ ದಾರಿಯಿದೆ. ಮನೆಯವರೇ ಅಂಗಡಿಗೆ ಹೋಗಿ ಹಣ ಕೊಟ್ಟು, ತಮ್ಮ ಹೆಸರಿನಲ್ಲಿ ಬಿಲ್ ಪಡೆದರೆ ಮೇಸ್ತ್ರಿಗೆ ಕೂಲಿಯ ಲೆಕ್ಕವಷ್ಟೇ ಉಳಿಯುತ್ತದೆ.

ಕರಾರು ಪತ್ರ ಉದ್ದವಾಗಿರಬೇಕಿಲ್ಲ, ಸ್ಪಷ್ಟವಾಗಿದ್ದರೆ ಸಾಕು. ಗುತ್ತಿಗೆದಾರನ ಪೂರ್ಣ ಹೆಸರು, ವಾಸದ ವಿಳಾಸ, ಗುರುತಿನ ಚೀಟಿಯ ಪ್ರತಿ ಇರಬೇಕು. ಇಬ್ಬರೂ ಸೇರಿ ಟೇಪು ಹಿಡಿದು ಅಳೆದ ವಿಸ್ತೀರ್ಣ, ಸಾಮಗ್ರಿಯ ಕಂಪೆನಿ, ದರ್ಜೆ, ದಪ್ಪ, ಆರಂಭದ ಮತ್ತು ಮುಗಿಯುವ ದಿನಾಂಕ, ಕಂತುಗಳ ಪಟ್ಟಿ ಇರಬೇಕು. ಹೆಚ್ಚುವರಿ ಕೆಲಸಕ್ಕೆ ಮೊದಲೇ ಬರೆದು ಒಪ್ಪಿಗೆ ಪಡೆಯಬೇಕೆಂಬ ಸಾಲು, ಹಳೆಯ ಹೆಂಚು ಮರಮುಟ್ಟು ಯಾರಿಗೆ ಸೇರಿದ್ದು ಎಂಬ ಸಾಲು ತಪ್ಪದೆ ಇರಬೇಕು. ಹಣವನ್ನು ನಗದಾಗಿ ಕೊಡುವ ಬದಲು ಅದೇ ವ್ಯಕ್ತಿಯ ಬ್ಯಾಂಕ್ ಖಾತೆಗೆ ಹಾಕಿದರೆ ಗುರುತು ಉಳಿಯುತ್ತದೆ. ಕರಾರಿನಲ್ಲಿ ಒಂದು ಹೆಸರು, ಯುಪಿಐ ಖಾತೆಯಲ್ಲಿ ಇನ್ನೊಂದು ಹೆಸರು ಕಂಡರೆ ಅಲ್ಲಿಗೇ ನಿಲ್ಲಿಸುವುದು ಕ್ಷೇಮ.

ಸಾಮಗ್ರಿಯ ಪರೀಕ್ಷೆಗೆ ಇಂಜಿನಿಯರಿಂಗ್ ಪದವಿ ಬೇಡ. ಸಿಮೆಂಟ್ ಚೀಲದ ಮೇಲೆ ತಯಾರಾದ ವಾರ ಮತ್ತು ವರ್ಷ ಮುದ್ರಿತವಾಗಿರುತ್ತದೆ. ಮೂರು ತಿಂಗಳು ದಾಟಿದ, ಗಂಟು ಕಟ್ಟಿದ ಸಿಮೆಂಟನ್ನು ಹಿಂದಿರುಗಿಸಬಹುದು. ಐಎಸ್ಐ ಗುರುತಿನ ಪರವಾನಗಿ ಸಂಖ್ಯೆಯನ್ನು ಭಾರತೀಯ ಮಾನಕ ಬ್ಯೂರೋದ 'ಬಿಐಎಸ್ ಕೇರ್' ಆ್ಯಪ್‌ನಲ್ಲಿ ನೋಡಬಹುದು. ಶೀಟನ್ನು ತೂಗಿಸಿದರೆ ದಪ್ಪದ ಸತ್ಯ ಹೊರಬೀಳುತ್ತದೆ. ತಾರಸಿಯ ಕೊಳವೆಗಳನ್ನು ಮುಚ್ಚಿ ಒಂದೆರಡು ದಿನ ನೀರು ನಿಲ್ಲಿಸಿ, ಕೆಳಗಿನ ಸೂರನ್ನು ಗಮನಿಸುವುದು ಯಾವ ಗ್ಯಾರಂಟಿ ಕಾರ್ಡಿಗಿಂತಲೂ ನಂಬಲರ್ಹ ಪರೀಕ್ಷೆ.

ಮೋಸ ಹೋದ ಮೇಲೆ

ಇಷ್ಟಾದ ಮೇಲೂ ವಂಚನೆ ನಡೆದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ನೆರವಿಗೆ ಬರುತ್ತದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಸಲ್ಲಿಸಬಹುದು. ಕೊಟ್ಟ ಹಣ 5 ಲಕ್ಷ ರೂಪಾಯಿಯೊಳಗಿದ್ದರೆ ಜಿಲ್ಲಾ ಗ್ರಾಹಕ ಆಯೋಗದಲ್ಲಿ ಶುಲ್ಕವಿಲ್ಲ. ದೂರುದಾರ ತಾನು ವಾಸಿಸುವ ಜಿಲ್ಲೆಯಲ್ಲೇ, ಎರಡು ವರ್ಷಗಳೊಳಗೆ, ವಕೀಲರ ನೆರವಿಲ್ಲದೆಯೂ ದೂರು ಕೊಡಬಹುದು. 2025ರ ಜನವರಿಯಿಂದ ಇದಕ್ಕೆ 'ಇ-ಜಾಗೃತಿ' ಎಂಬ ಅಂತರ್ಜಾಲ ವ್ಯವಸ್ಥೆಯೂ ಬಂದಿದೆ. ಆದರೆ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಮನೆಯವರ ಅಣತಿಯಂತೆ ದಿನಗೂಲಿಗೆ ದುಡಿಯುವವನ ಸಂಬಂಧ ಈ ಕಾಯ್ದೆಯ 'ಸೇವೆ'ಯ ವ್ಯಾಖ್ಯೆಗೆ ಸುಲಭವಾಗಿ ಬರುವುದಿಲ್ಲ. ಇಂತಿಷ್ಟು ಕೆಲಸಕ್ಕೆ ಇಂತಿಷ್ಟು ಹಣವೆಂದು ಗುತ್ತಿಗೆ ಒಪ್ಪಿಕೊಂಡವನದು ಬರುತ್ತದೆ.

ಪೊಲೀಸರ ಬಳಿ ಹೋದವರಿಗೆ "ಇದು ಸಿವಿಲ್ ವ್ಯಾಜ್ಯ" ಎಂಬ ಉತ್ತರ ಸಿಗುವುದುಂಟು. ಅದಕ್ಕೆ ಕಾನೂನಿನ ಆಧಾರವೂ ಇದೆ. ಕೆಲಸ ಅರ್ಧಕ್ಕೆ ಬಿಟ್ಟದ್ದೆಲ್ಲ ಅಪರಾಧವಾಗದು. ಆರಂಭದಿಂದಲೇ ವಂಚಿಸುವ ಉದ್ದೇಶವಿತ್ತೆಂದು ತೋರಿಸಿದಾಗ ಮಾತ್ರ ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಮಿನ ಪ್ರಕಾರ ಅದು ವಂಚನೆ. ಸುಳ್ಳು ಹೆಸರು, ಇಲ್ಲದ ಕಚೇರಿ, ಒಂದೇ ಬಡಾವಣೆಯ ಹಲವು ಮನೆಗಳಲ್ಲಿ ಒಂದೇ ಬಗೆಯ ಮುಂಗಡ, ಇವು ಅಂತಹ ಉದ್ದೇಶದ ಕುರುಹುಗಳು. ಆದ್ದರಿಂದ ಮೋಸ ಹೋದವರು ನಾಚಿಕೆಯಿಂದ ಬಾಯಿ ಮುಚ್ಚಿಕೊಳ್ಳುವುದು ಮೋಸಗಾರನಿಗೆ ಸಹಾಯ ಮಾಡಿದಂತೆ. ಐದು ಮನೆಗಳವರು ಒಟ್ಟಾಗಿ ಕೊಟ್ಟ ದೂರಿಗೆ ಒಂಟಿ ದೂರಿಗಿಲ್ಲದ ತೂಕವಿರುತ್ತದೆ. ಅಂತರ್ಜಾಲದ ಜಾಹೀರಾತು ನಂಬಿ ಹಣ ಕಳುಹಿಸಿದವರು ತಡಮಾಡದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ತಡವಾದಷ್ಟೂ ಹಣ ಕೈಯಿಂದ ಕೈಗೆ ಜಾರುತ್ತದೆ.

ಆದರೆ ವಿಳಾಸವೇ ಇಲ್ಲದವನ ವಿರುದ್ಧ ಬಂದ ತೀರ್ಪು ಕಾಗದದ ಮೇಲೆಯೇ ಉಳಿಯುತ್ತದೆ ಎಂಬ ಕಟು ಸತ್ಯವನ್ನು ಮರೆಯುವಂತಿಲ್ಲ.

ಆಡಳಿತಕ್ಕೂ ಪಾಲಿದೆ

ಎಲ್ಲ ಎಚ್ಚರಿಕೆಯನ್ನೂ ಮನೆಯವರ ತಲೆಗೇ ಕಟ್ಟಿ ಆಡಳಿತ ಕೈತೊಳೆದುಕೊಳ್ಳುವುದು ಸರಿಯಲ್ಲ. ಕೃಷಿ ಇಲಾಖೆ ಮುಂಗಾರಿಗೆ ಮೊದಲು ಬೀಜ, ಗೊಬ್ಬರದ ಅಂಗಡಿಗಳ ಮೇಲೆ ಕಣ್ಣಿಡುತ್ತದೆ. ಅದೇ ಮುಂಗಾರಿನ ಹೊತ್ತಿಗೆ ನಗರಸಭೆಗಳು, ಪಾಲಿಕೆಗಳು ತಮ್ಮ ವಾರ್ಡುಗಳಲ್ಲಿ ನೆಲೆಸಿ ಕೆಲಸ ಮಾಡುವ ಮೇಸ್ತ್ರಿಗಳು, ಗುತ್ತಿಗೆದಾರರ ಹೆಸರು ವಿಳಾಸಗಳ ಪಟ್ಟಿಯನ್ನು ಪ್ರಕಟಿಸುವುದು ಭಾರೀ ವೆಚ್ಚದ ಕೆಲಸವೇನಲ್ಲ. ವಿಕೋಪದ ನಂತರದ ಮುಂಗಡಕ್ಕೆ ಮಿತಿ ಹಾಕುವ, ಸರಳವಾದ ಮಾದರಿ ಕರಾರನ್ನು ಕನ್ನಡದಲ್ಲಿ ಒದಗಿಸುವ ನಿಯಮವನ್ನು ಟೆಕ್ಸಸ್ ಮಾಡಿದಂತೆ ರಾಜ್ಯವೂ ಯೋಚಿಸಬಹುದು. ಇದರಿಂದ ಹೆಚ್ಚು ಲಾಭವಾಗುವುದು ಪ್ರಾಮಾಣಿಕ ಮೇಸ್ತ್ರಿಗೇ. ಇಂದು ಮೋಸಗಾರನ ಕಡಿಮೆ ಕೋಟೇಷನ್ ಎದುರು ಸೋಲುತ್ತಿರುವವನು ಅವನು.

ಹಾನಿಗೊಳಗಾದವರಿಗೆ ತಕ್ಷಣವೇ ಟಾರ್ಪಾಲು ಹಂಚುವುದು ಇವೆಲ್ಲಕ್ಕಿಂತ ಸುಲಭದ ಕ್ರಮ. ಅದನ್ನು ಬಡವರಿಗೆ ಕೊಡುವ ಕರುಣೆಯ ವಸ್ತುವೆಂದಷ್ಟೇ ನೋಡಲಾಗುತ್ತಿದೆ. ವಾಸ್ತವದಲ್ಲಿ ಒಂದು ಟಾರ್ಪಾಲು ಮಳೆಯ ಜೊತೆಗೆ ಅವಸರದ ನಿರ್ಧಾರವನ್ನೂ ತಡೆಯುತ್ತದೆ. ಅದರ ಕೆಳಗೆ ಕುಳಿತು ಮನೆಯವರು ಮೂವರ ಕೋಟೇಷನ್ ಹೋಲಿಸಬಹುದು, ಪರಿಚಯದ ಮೇಸ್ತ್ರಿ ಬಿಡುವಾಗುವವರೆಗೆ ಕಾಯಬಹುದು, ತಾರಸಿ ಒಣಗಲು ಬಿಡಬಹುದು.

ಗಾಳಿ ಬಂದಾಗ ತೂರಿಕೋ ಎಂಬ ಗಾದೆಯನ್ನು ಹುಟ್ಟಿಸಿದ್ದು ಕಣದಲ್ಲಿ ಕಾಳನ್ನೂ ಜೊಳ್ಳನ್ನೂ ಬೇರ್ಪಡಿಸುತ್ತಿದ್ದ ರೈತ. ಬಿರುಗಾಳಿಯ ನಂತರ ಬಾಗಿಲಿಗೆ ಬರುವವರಲ್ಲಿ ಕಾಳು ಯಾವುದು, ಜೊಳ್ಳು ಯಾವುದು ಎಂದು ತೂರಿ ನೋಡುವ ಅವಕಾಶ ಮನೆಯವರಿಗೂ ಇದೆ. ಅದಕ್ಕೆ ಬೇಕಾದದ್ದು ಹತ್ತು ದಿನಗಳ ತಾಳ್ಮೆ.